ಎಷ್ಟು ಕಂಡದ್ದು, ಎಷ್ಟು ಕಟ್ಟಿದ್ದು

ಜಯನಗರ, ಗಾಂಧಿಬಜಾರಿನ ಕನ್ನಡ ಪುಸ್ತಕದಂಗಡಿಗಳಲ್ಲಿ ರವಿ ಬೆಳಗೆರೆಯವರ ಪುಸ್ತಕಗಳಿಗೆಂದೇ ಒಂದು ಸಾಲು ಇರುತ್ತದೆ. ‘ಭೀಮಾ ತೀರದ ಹಂತಕರು’, ಅದರ ಪಕ್ಕ ‘ಹೇಳಿ ಹೋಗು ಕಾರಣ’, ಅದರಾಚೆ ‘ಮಾಟಗಾತಿ’, ಅದಕ್ಕೆ ಒರಗಿಕೊಂಡು ‘ಹಿಮಾಲಯನ್ ಬ್ಲಂಡರ್’ನ ಅನುವಾದ. ಒಂದು ವರದಿ, ಒಂದು ಪ್ರೇಮ ಕಾದಂಬರಿ, ಒಂದು ವಾಮಾಚಾರದ ರೋಚಕ ಕಥೆ, ಇನ್ನೊಂದು ಚೀನಾ ಯುದ್ಧದಲ್ಲಿ ಸೋತ ಸೇನಾಧಿಕಾರಿಯ ಕಥನ. ಅಂಗಡಿಯವರು ಹಾಗೆ ಜೋಡಿಸುವುದರಲ್ಲಿ ತಪ್ಪೇನಿಲ್ಲ. ಬಂದವರು ಕೇಳುವುದೇ ‘ಬೆಳಗೆರೆದು ಯಾವುದಿದೆ?’ ಎಂದು. ಆದರೆ ಕನ್ನಡದ ಅಪರಾಧ ಬರಹದ ಗುಣ, ದೋಷ ಎರಡೂ ಆ ಸಾಲಿನಲ್ಲೇ ಇವೆ. ವರದಿ ಬರೆದ ಕೈಯೇ ಕಾದಂಬರಿಯನ್ನೂ ಬರೆಯಿತು. ಎರಡಕ್ಕೂ ಒಂದೇ ದನಿ, ಒಂದೇ ಓಟ, ಓದುಗನನ್ನು ಕೈಹಿಡಿದು ಕೂರಿಸುವ ಒಂದೇ ಕಲೆ. ಇದರಲ್ಲಿ ಲೇಖಕ ಕಣ್ಣಾರೆ ಕಂಡದ್ದು ಎಷ್ಟು, ಪೊಲೀಸರು ಹೇಳಿದ್ದು ಎಷ್ಟು, ಮೇಜಿನ ಮುಂದೆ ಕೂತು ಕಟ್ಟಿದ್ದು ಎಷ್ಟು ಎಂದು ಗುರುತು ಹಾಕಿ ತೋರಿಸುವ ರೂಢಿ ಮಾತ್ರ ನಮ್ಮಲ್ಲಿ ಬೆಳೆಯಲೇ ಇಲ್ಲ. ಓದುಗರೂ ಕೇಳಲಿಲ್ಲ ಅನ್ನಿ.

ಈ ಕಥೆಯ ಬಹುಪಾಲು ನಡೆದದ್ದು ದಕ್ಷಿಣ ಬೆಂಗಳೂರಿನ ಕೆಲವೇ ಕಿಲೋಮೀಟರುಗಳೊಳಗೆ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯ ವಿಳಾಸ ಬಸವನಗುಡಿ. 1995ರಲ್ಲಿ ಹುಟ್ಟಿದ ಬೆಳಗೆರೆಯವರ ವಾರಪತ್ರಿಕೆ ‘ಹಾಯ್ ಬೆಂಗಳೂರ್!’ ಬೆಳೆದದ್ದು ಪದ್ಮನಾಭನಗರದಲ್ಲಿ. ಅದೇ ಬಡಾವಣೆಯಲ್ಲಿ ಮಾಜಿ ಪ್ರಧಾನಿ ದೇವೇಗೌಡರ ಮನೆಯೂ ಇದೆ, ಹಾಗಾಗಿ ರಾಜಕಾರಣಿಗಳ ಕಾರುಗಳಿಗೂ ಟ್ಯಾಬ್ಲಾಯ್ಡ್ ಪತ್ರಿಕೆಯ ಬಂಡಲುಗಳಿಗೂ ಒಂದೇ ದಾರಿ. ಡಾನ್ ಎಂ.ಪಿ. ಜಯರಾಜ್ 1989ರಲ್ಲಿ ಗುಂಡಿಗೆ ಬಲಿಯಾದದ್ದು ಲಾಲ್‌ಬಾಗ್‌ ಪಕ್ಕದ ಸಿದ್ದಾಪುರದ ಬಳಿ. ಆತ ‘ಗರೀಬಿ ಹಠಾವೋ’ ಎಂಬ ಪತ್ರಿಕೆಯನ್ನೂ ನಡೆಸುತ್ತಿದ್ದ ಎಂಬುದನ್ನು ಇಂದಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ರಾಜೀವ್ ಗಾಂಧಿ ಹತ್ಯೆಯ ರೂವಾರಿ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟಿನಲ್ಲಿ ಸತ್ತದ್ದು ಜೆ.ಪಿ. ನಗರದಾಚೆಯ ಕೋಣನಕುಂಟೆಯಲ್ಲಿ. ಡಾನ್ ಪತ್ರಿಕೆ ನಡೆಸುತ್ತಾನೆ, ಭೂಗತ ಲೋಕದಿಂದ ಬಂದವರು ಸಂಪಾದಕರಾಗುತ್ತಾರೆ, ಒಬ್ಬ ಸಂಪಾದಕಿ ಮನೆ ಬಾಗಿಲಲ್ಲೇ ಕೊಲೆಯಾಗುತ್ತಾರೆ, ಇನ್ನೊಬ್ಬ ಸಂಪಾದಕರ ಮೇಲೆ ಸುಪಾರಿ ಕೊಟ್ಟ ಆರೋಪ ಬರುತ್ತದೆ. ಅಪರಾಧ ಮತ್ತು ಅಕ್ಷರದ ನಡುವಿನ ಗೋಡೆ ಇಷ್ಟು ತೆಳುವಾದ ಊರು ದೇಶದಲ್ಲಿ ಇನ್ನೊಂದಿದ್ದರೆ ಅದು ಮುಂಬೈ ಮಾತ್ರ.

ಬೆಳಗೆರೆಗಿಂತ ಮೊದಲು ಕನ್ನಡದಲ್ಲಿ ಅಪರಾಧ ಸಾಹಿತ್ಯವೆಂದರೆ ಪತ್ತೇದಾರಿ ಕಾದಂಬರಿ. ನಾಲ್ಕನೇ ತರಗತಿಯವರೆಗಷ್ಟೇ ಓದಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ‘ಪತ್ತೇದಾರ ಪುರುಷೋತ್ತಮ’ನನ್ನು ಮನೆಮಾತು ಮಾಡಿದರು. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಬಾವುಟವನ್ನು ನೆನೆಯುವವರು ಕಾದಂಬರಿಗಳನ್ನು ಮರೆತಿದ್ದಾರೆ. ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾಯರು ‘ಸೀಳು ನಕ್ಷತ್ರ’ದಂಥ ಕಾದಂಬರಿಗಳಲ್ಲಿ ಕುತೂಹಲವನ್ನು ಮಧ್ಯಮವರ್ಗದ ಹಜಾರಕ್ಕೆ ತಂದರು. ಎಂಬತ್ತರ ದಶಕದಲ್ಲಿ ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಬಂದು ಮನೆಮನೆಯಲ್ಲಿ ರಾತ್ರಿಯ ನಿದ್ದೆ ಕೆಡಿಸಿತು. ಇವರಲ್ಲಿ ಯಾರೂ ‘ಇದು ನಡೆದದ್ದು’ ಎಂದು ಆಣೆ ಮಾಡಿದವರಲ್ಲ. ಲೈಬ್ರರಿಯಿಂದ ಬಾಡಿಗೆಗೆ ತಂದು, ಓದಿ, ವಾಪಸು ಕೊಟ್ಟರೆ ಮುಗಿಯಿತು. ನಿಜವಾದ ಠಾಣೆ, ನಿಜವಾದ ರೌಡಿ, ನಿಜವಾದ ಬೀದಿ ಇವರ ಪುಟಗಳಿಗೆ ಬಂದದ್ದು ಕಡಿಮೆ.

ಅದನ್ನು ತಂದದ್ದು ವಾರಪತ್ರಿಕೆ. ಇದರ ಹಿಂದೆ ವ್ಯವಹಾರದ ಒಂದು ಕಾರಣವಿದೆ, ಸಾಹಿತ್ಯ ವಿಮರ್ಶಕರು ಅದನ್ನು ಹೇಳುವುದು ಕಡಿಮೆ. ಲಂಕೇಶರು ಜಾಹೀರಾತಿಲ್ಲದೆ ಪತ್ರಿಕೆ ನಡೆಸಿದರು. ಜಾಹೀರಾತು ಬೇಡವೆಂದರೆ ಯಾವ ಮಂತ್ರಿಗೂ ಯಾವ ಕಂಪನಿಗೂ ತಲೆಬಾಗಬೇಕಿಲ್ಲ. ಆದರೆ ಪ್ರತಿ ವಾರದ ಕಾಗದ, ಮುದ್ರಣ, ಸಂಬಳ ಎಲ್ಲವೂ ಅಂಗಡಿ ಮುಂದೆ ನೇತುಹಾಕಿದ ಮುಖಪುಟದ ಮೇಲೆ ನಿಂತಿರುತ್ತದೆ. ಬಸ್ಸಿಗೆ ಓಡುವವನು ಒಂದು ಕ್ಷಣ ನಿಂತು ಜೇಬಿಗೆ ಕೈ ಹಾಕಬೇಕು. ಲಂಕೇಶರು ಅದನ್ನು ರಾಜಕಾರಣದ ವ್ಯಂಗ್ಯದಿಂದ ಸಾಧಿಸಿದರು, ಜೊತೆಗೆ ಕವಿತೆ, ಕಥೆ, ಕೃಷಿ, ಸಿನಿಮಾ ಎಲ್ಲವನ್ನೂ ಇಟ್ಟರು. ಅವರ ನಂತರ ಬಂದ ಟ್ಯಾಬ್ಲಾಯ್ಡ್‌ಗಳಲ್ಲಿ ಬಹಳಷ್ಟಕ್ಕೆ ಅಷ್ಟು ಸರಕು ಇರಲಿಲ್ಲ. ಅವರು ಕಂಡುಕೊಂಡ ಸುಲಭದ ಸರಕು ಕೊಲೆ.

ರವಿ ಬೆಳಗೆರೆ ಈ ಹಾದಿಯಲ್ಲಿ ಬಂದರೂ ಉಳಿದವರಿಗಿಂತ ಬೇರೆಯಾಗಿದ್ದರು. 1958ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಇತಿಹಾಸ ಓದಿ, ಕಾಲೇಜು ಅಧ್ಯಾಪಕರಾಗಿ, ನಂತರ ‘ಕರ್ಮವೀರ’ದಂಥ ಪತ್ರಿಕೆಗಳಲ್ಲಿ ದುಡಿದು ಬಂದ ಮನುಷ್ಯ. ‘ಪಾಪಿಗಳ ಲೋಕದಲ್ಲಿ’ ಎಂಬ ಪುಸ್ತಕ ಬೆಂಗಳೂರಿನ ಭೂಗತ ಲೋಕವನ್ನು ಕನ್ನಡಕ್ಕೆ ಪರಿಚಯಿಸಿತು. ಕೊತ್ವಾಲ್, ಜಯರಾಜ್, ಆಯಿಲ್ ಕುಮಾರ್ ಎಂಬ ಹೆಸರುಗಳು ದಿನಪತ್ರಿಕೆಗಳ ಮೂಲೆಯ ಸುದ್ದಿಯಿಂದ ಎದ್ದು ಬಂದು, ಅವಕ್ಕೆ ಮುಖ, ನಡಿಗೆ, ಸಿಟ್ಟು, ಕುಡಿತ ಎಲ್ಲ ಬಂದುವು. ‘ಹಾಯ್ ಬೆಂಗಳೂರ್!’ ಹುಟ್ಟಿದ 1995ರಲ್ಲೇ ಉಪೇಂದ್ರರ ‘ಓಂ’ ತೆರೆಗೆ ಬಂತು. ಅದರಲ್ಲಿ ನಿಜವಾದ ರೌಡಿಗಳೇ ನಟಿಸಿದ್ದರು. ಆ ಕಾಲದ ಹಸಿವು ಎಂಥದೆಂದು ಇದರಿಂದ ತಿಳಿಯುತ್ತದೆ: ಜನರಿಗೆ ಅಸಲಿ ಬೇಕಿತ್ತು, ಆದರೆ ಕಥೆಯ ಹದದಲ್ಲಿ ಬೇಕಿತ್ತು.

ಬೆಳಗೆರೆಯವರ ಕಸುಬು ಎಲ್ಲಿದೆ ಎಂದು ನೋಡಬೇಕಾದರೆ ಪೊಲೀಸರ ಒಂದು ಸ್ಥಳ ಮಹಜರನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ಮಹಜರಿನಲ್ಲಿ ಶವದ ತಲೆ ಯಾವ ದಿಕ್ಕಿಗಿದೆ, ಗೋಡೆಯಿಂದ ಎಷ್ಟು ಅಡಿ, ಅಂಗಿಯ ಬಣ್ಣವೇನು, ರಕ್ತ ಹೆಪ್ಪುಗಟ್ಟಿದ ಮಣ್ಣನ್ನು ಯಾವ ಡಬ್ಬಿಗೆ ತುಂಬಿ ಅರಗಿನ ಮುದ್ರೆ ಹಾಕಿದರು, ಪಂಚರು ಯಾರು ಎಂಬುದೆಲ್ಲ ಇರುತ್ತದೆ. ‘ಸದರಿ’, ‘ಮೇಲ್ಕಂಡ’, ‘ಮೃತನ ಬಲಗೈ’ ಎಂದು ಉಸಿರೇ ಬಿಡದ ಒಂದು ವಾಕ್ಯ ಎರಡು ಪುಟ ಓಡುತ್ತದೆ. ಅಪರಾಧ ವರದಿಗಾರನ ಕಚ್ಚಾಮಾಲು ಇದೇ. ಸಾಧಾರಣ ವರದಿಗಾರ ಇದನ್ನು ಎಂಟು ಸಾಲಿಗೆ ಇಳಿಸುತ್ತಾನೆ. ಬೆಳಗೆರೆ ಇದರೊಳಗಿನ ಒಂದು ವಿವರ ಹಿಡಿದು ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಮಹಜರಿನಲ್ಲಿ ‘ಒಂದು ಜೊತೆ ಚಪ್ಪಲಿ’ ಎಂದಿದ್ದರೆ ಅವರ ಬರಹದಲ್ಲಿ ಆ ಚಪ್ಪಲಿ ಹಾಕಿಕೊಂಡು ಒಬ್ಬ ಗಂಡಸು ಹಿಂದಿನ ಸಂಜೆ ಮನೆಯಿಂದ ಹೊರಡುತ್ತಾನೆ. ಹೊರಡುವಾಗ ಹೆಂಡತಿಗೆ ಏನೋ ಹೇಳುತ್ತಾನೆ. ತಕರಾರು ಶುರುವಾಗುವುದು ಇಲ್ಲೇ. ಚಪ್ಪಲಿಗೆ ಪಂಚರ ಸಹಿ ಇದೆ. ಆ ಮಾತಿಗೆ ಸಾಕ್ಷಿ ಯಾರು?

‘ಭೀಮಾ ತೀರದ ಹಂತಕರು’ ಅವರ ಅತ್ಯುತ್ತಮ ವರದಿ ಎಂಬುದು ನನ್ನ ಅಭಿಪ್ರಾಯ. ಇಂಡಿ, ಸಿಂದಗಿ, ಅಫಜಲಪುರದ ಆ ಬಯಲು, ಹೊಲದ ಬದುವಿನ ಜಗಳ ಮೂರು ತಲೆಮಾರಿನ ವೈರವಾಗುವ ಬಗೆ, ಕಂಟ್ರಿ ಪಿಸ್ತೂಲು ಕೈಯಿಂದ ಕೈಗೆ ಬರುವ ದಾರಿ, ಸಾಹುಕಾರರು ಬಡವರ ಹುಡುಗರನ್ನು ಬಳಸಿಕೊಳ್ಳುವ ಕ್ರಮ, ಚಂದಪ್ಪ ಹರಿಜನನಂಥವನು ಹಂತಕನೂ ಕೆಲವರ ಪಾಲಿಗೆ ನಾಯಕನೂ ಆಗುವುದು: ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ಕಟ್ಟಲು ಆಗುವುದಿಲ್ಲ. ಮಣ್ಣು ಮೆಟ್ಟಿ ಬಂದವನ ಬರಹ ಅದು. ಇತಿಹಾಸದ ಮೇಷ್ಟ್ರು ಅಲ್ಲಿ ಕೆಲಸ ಮಾಡಿದ್ದಾರೆ. ಯಾರು ಯಾರನ್ನು ಕೊಂದರು ಎಂಬುದಕ್ಕಿಂತ ಕೊಲ್ಲುವುದು ಅಲ್ಲಿ ಹೇಗೆ ಒಂದು ವ್ಯವಸ್ಥೆಯಾಯಿತು ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಪುಸ್ತಕದ ಯಶಸ್ಸು ಆ ಸೀಮೆಗೇ ಒಂದು ಹಣೆಪಟ್ಟಿ ಅಂಟಿಸಿತು. ಇವತ್ತಿಗೂ ವಿಜಯಪುರ ಜಿಲ್ಲೆಯಲ್ಲಿ ಗುಂಡು ಹಾರಿದರೆ ಟಿವಿಯವರು ಮೊದಲು ತೆಗೆಯುವುದು ಆ ತಲೆಬರಹವನ್ನೇ. ಭೀಮೆಯ ದಂಡೆಯಲ್ಲಿ ತೊಗರಿ, ಕಬ್ಬು ಬೆಳೆದು ಸುಮ್ಮನೆ ಬದುಕುವ ಲಕ್ಷಾಂತರ ಜನರಿಗೆ ಇದು ರೇಜಿಗೆಯ ವಿಷಯ. 2012ರಲ್ಲಿ ‘ಭೀಮಾ ತೀರದಲ್ಲಿ’ ಸಿನಿಮಾ ಬಂದಾಗ ಕಥೆಯ ಹಕ್ಕು ಯಾರದು ಎಂದು ಜಗಳವೆದ್ದಿತು. ನಡೆದ ಕೊಲೆಗಳ ಕಥೆಗೆ ಒಡೆಯರು ಯಾರು ಎಂಬ ಆ ಪ್ರಶ್ನೆ ಕೇಳಲು ವಿಚಿತ್ರ, ಆದರೆ ಈ ಕಸುಬಿನಲ್ಲಿ ತೀರಾ ಸಹಜ.

ಇನ್ನೊಂದು ಪುಸ್ತಕ ‘ರಂಗವಿಲಾಸ್ ಬಂಗಲೆಯ ಕೊಲೆಗಳು’. 1956ರಲ್ಲಿ ಬೆಂಗಳೂರಿನ ಸಿರಿವಂತ ವಕೀಲ ಬೇಲೂರು ಶ್ರೀನಿವಾಸ ಅಯ್ಯಂಗಾರರ ಮನೆಯಲ್ಲಿ ಒಂದೇ ರಾತ್ರಿ ನಡೆದ ಸರಣಿ ಕೊಲೆಗಳು ಊರನ್ನೇ ನಡುಗಿಸಿದ್ದುವು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ ಮುಗಿದಿತ್ತು. ಇಂಥ ಮುಗಿದ ಕಡತ ಸಿಕ್ಕಾಗ ಬೆಳಗೆರೆಯವರ ಎರಡು ಕೈಗಳೂ ಜಗಳವಾಡದೆ ಕೆಲಸ ಮಾಡುತ್ತವೆ. ತೀರ್ಪು ಬಂದಿದೆ, ಸಾಕ್ಷಿಗಳ ಹೇಳಿಕೆ ದಾಖಲಾಗಿದೆ, ಕಾಲ ಸರಿದಿದೆ. ಅಲ್ಲಿ ಒಂದು ಸಂಭಾಷಣೆ ಕಟ್ಟಿದರೂ ಬದುಕಿರುವ ಯಾರ ಬದುಕೂ ಕೆಡುವುದಿಲ್ಲ. ತೊಂದರೆಯೆಲ್ಲ ತೆರೆದ ಕಡತದಲ್ಲಿ: ಈ ವಾರ ಬಂಧಿತನಾದವನ ಮೇಲೆ ಈ ವಾರವೇ ಬರೆಯುವಾಗ, ಪಕ್ಕದ ಬೀದಿಯ ಮನೆಯೊಂದರ ಮಲಗುವ ಕೋಣೆಯ ಒಳಗೆ ನಿಂತಂತೆ ಬರೆಯುವಾಗ.

ಕಾದಂಬರಿಗಳಲ್ಲಿ ಅವರು ಇದಕ್ಕೆ ತಿರುವುಮುರುವು. ‘ಮಾಟಗಾತಿ’ ಮತ್ತು ಅದೇ ಜಾಡಿನ ‘ಸರ್ಪ ಸಂಬಂಧ’ದಲ್ಲಿ ವಾಮಾಚಾರ, ಭಯ, ಕಾಮ ಎಲ್ಲ ಧಾರಾಳ. ನಂಬಬೇಕೋ ಬೇಡವೋ ಎಂಬ ಅನುಮಾನವನ್ನು ಓದುಗನಿಗೇ ಬಿಟ್ಟುಬಿಡುತ್ತಾರೆ. ‘ಒಮರ್ಟಾ’ದಲ್ಲಿ ವರದಿಗಾರನ ಟಿಪ್ಪಣಿ ಪುಸ್ತಕ ಎದ್ದು ಕಾಣುತ್ತದೆ: ಡೀಲ್ ಹೇಗೆ ಕುದುರುತ್ತದೆ, ಹಣ ಯಾರ ಮೂಲಕ ಹೋಗುತ್ತದೆ, ಪೊಲೀಸರು ಯಾವಾಗ ಕಣ್ಣುಮುಚ್ಚುತ್ತಾರೆ. ವರದಿಯಲ್ಲಿ ಹೆಸರು ಹಾಕಿ ಬರೆದರೆ ಮಾನನಷ್ಟ ಮೊಕದ್ದಮೆ ಬೀಳುವ ಸಂಗತಿಗಳು ಕಾದಂಬರಿಯಲ್ಲಿ ನಿರಾಳವಾಗಿ ಉಸಿರಾಡುತ್ತವೆ. ಹಾಗಾಗಿ ನನಗೆ ಹಲವು ಸಲ ಅನಿಸಿದೆ, ಅವರ ವಾರಪತ್ರಿಕೆಯ ಮುಖಪುಟಕ್ಕಿಂತ ಅವರ ಕಾದಂಬರಿ ಹೆಚ್ಚು ಪ್ರಾಮಾಣಿಕ. ಕಾದಂಬರಿ ‘ನಾನು ಕಟ್ಟಿದ್ದು’ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ.

ಸಾವಿರಾರು ಜನ ಅವರನ್ನು ನಂಬಿದ್ದು ಅಪರಾಧ ವರದಿಗೋಸ್ಕರ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ‘ಖಾಸ್ ಬಾತ್’, ‘ಬಾಟಮ್ ಐಟಮ್’, ‘ಲವ್ ಲವಿಕೆ’ ಅಂಕಣಗಳಲ್ಲಿ ಮನೆಯ ದೊಡ್ಡಣ್ಣನೊಬ್ಬ ತನ್ನ ಬಡತನ, ಪ್ರೀತಿ, ಸೋಲುಗಳನ್ನು ಹೇಳಿಕೊಳ್ಳುವ ದನಿಯಿತ್ತು. ಆ ದನಿಗೆ ಸೋತವರು ಮುಂದಿನ ಪುಟದ ಕೊಲೆ ವರದಿಯನ್ನೂ ಅದೇ ನಂಬಿಕೆಯಲ್ಲಿ ಓದಿದರು. ಈಟಿವಿಯ ‘ಕ್ರೈಂ ಡೈರಿ’ಯಲ್ಲಿ ಆ ದನಿ ನಿಜವಾಗಿಯೂ ಕಿವಿಗೆ ಬಿತ್ತು. ರಾತ್ರಿ ಊಟದ ಹೊತ್ತಿಗೆ ಅವರು ಕತ್ತಲ ಕಥೆ ಹೇಳುವ ರೀತಿಯನ್ನು ಮಿಮಿಕ್ರಿ ಮಾಡದ ಕಾಲೇಜು ವಾರ್ಷಿಕೋತ್ಸವವೇ ಇರಲಿಲ್ಲ. ನಂತರ ಬಂದ ಕನ್ನಡ ಸುದ್ದಿವಾಹಿನಿಗಳ ಅಪರಾಧ ಕಾರ್ಯಕ್ರಮಗಳು ಆ ದನಿಯನ್ನು ಎತ್ತಿಕೊಂಡುವು, ಅದರ ಹಿಂದಿದ್ದ ಓದನ್ನು ಬಿಟ್ಟುವು.

2017ನೇ ಇಸವಿ ಈ ಕ್ಷೇತ್ರಕ್ಕೆ ಒದೆತ ಕೊಟ್ಟ ವರ್ಷ. ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಬೆಳಗೆರೆ ಮತ್ತು ‘ಯಲಹಂಕ ವಾಯ್ಸ್’ನ ಅನಿಲ್ ರಾಜು ಅವರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಶಾಸಕರ ಬಗ್ಗೆ ಬರೆದ ಲೇಖನಗಳಿಗೆ ಶಾಸಕರೇ ನ್ಯಾಯಾಧೀಶರಾದ ಈ ಪ್ರಸಂಗ ದೇಶದ ಪತ್ರಿಕಾ ವಲಯದಲ್ಲಿ ದೊಡ್ಡ ಚರ್ಚೆಯಾಯಿತು. ಅವರ ಬರಹವನ್ನು ಒಪ್ಪದವರೂ ಆಗ ಅವರ ಪರ ನಿಂತರು. ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಸಂಪಾದಕಿ ಗೌರಿ ಲಂಕೇಶ್ ಕೊಲೆಯಾದರು. ಅವರಿಗೂ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟ ಪ್ರಕರಣದಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತ್ತು, ಜಾಮೀನಿನ ಮೇಲಿದ್ದರು. ಡಿಸೆಂಬರ್‌ನಲ್ಲಿ ಸಿಸಿಬಿ ಪೊಲೀಸರು ಪದ್ಮನಾಭನಗರದ ಕಚೇರಿಗೆ ಬಂದು ಬೆಳಗೆರೆಯವರನ್ನು ಬಂಧಿಸಿದರು. ಮಾಜಿ ಸಹೋದ್ಯೋಗಿಯೊಬ್ಬರ ಕೊಲೆಗೆ ಸುಪಾರಿ ಕೊಟ್ಟರೆಂಬುದು ಆರೋಪ. ಅವರು ಅದನ್ನು ನಿರಾಕರಿಸಿದರು, ಜಾಮೀನಿನ ಮೇಲೆ ಹೊರಬಂದರು. ಪ್ರಕರಣ ಇತ್ಯರ್ಥವಾಗುವ ಮೊದಲೇ, 2020ರ ನವೆಂಬರ್ 13ರಂದು ಹೃದಯಾಘಾತದಿಂದ ತೀರಿಕೊಂಡರು.

ಆ ಡಿಸೆಂಬರಿನ ಕೆಲವು ದಿನ ಟಿವಿಗಳಲ್ಲಿ ಬಂದದ್ದನ್ನು ನೆನಪಿಸಿಕೊಂಡರೆ ನನಗೆ ಈಗಲೂ ಒಂದು ಬಗೆಯ ಇರಿಸುಮುರಿಸು. ಇನ್ನೊಬ್ಬರ ಬಗ್ಗೆ ಇಪ್ಪತ್ತೆರಡು ವರ್ಷ ಯಾವ ಶೈಲಿಯಲ್ಲಿ ಬರೆದರೋ ಅದೇ ಶೈಲಿಯಲ್ಲಿ ಅವರ ಮೇಲೆ ಬಂತು: ‘ಮೂಲಗಳ ಪ್ರಕಾರ’, ‘ಎನ್ನಲಾಗಿದೆ’, ಮತ್ತೆ ಯಾರೂ ಕೇಳಿಸಿಕೊಂಡಿರದ ಸಂಭಾಷಣೆಗಳು. ಆರೋಪಿಗೂ ಒಂದು ಪಕ್ಷವಿದೆ ಎಂಬ ನೆನಪು ಯಾರಿಗೂ ಇರಲಿಲ್ಲ. ಅವರ ವಿರೋಧಿಗಳಿಗೆ ಇದು ಮಾಡಿದ್ದುಣ್ಣೋ ಮಹರಾಯ ಎಂಬಂತೆ ಕಂಡಿತು. ನನಗಂತೂ ಹಾಗೆ ಕಾಣಲಿಲ್ಲ. ಒಂದು ಕೆಟ್ಟ ರೂಢಿ ಅದನ್ನು ಬೆಳೆಸಿದವರನ್ನೇ ತಟ್ಟಿತೆಂದ ಮಾತ್ರಕ್ಕೆ ಸರಿಯಾಗಿಬಿಡುವುದಿಲ್ಲ.

ಪಕ್ಕದಲ್ಲೇ ಬೇರೆ ಬಗೆಯ ಬರಹವೂ ನಡೆದಿತ್ತು. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಬೆಂಗಳೂರು ಭೂಗತ ಲೋಕದ ಒಳಗಿದ್ದವರ ಬರಹ, ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. 2007ರಲ್ಲಿ ಅದನ್ನಾಧರಿಸಿ ಕೆ.ಎಂ. ಚೈತನ್ಯ ‘ಆ ದಿನಗಳು’ ಸಿನಿಮಾ ಮಾಡಿದರು. 1986ರ ಕೊತ್ವಾಲ್ ರಾಮಚಂದ್ರನ ಕೊಲೆಯ ಕಥೆಯನ್ನು ಅದರಲ್ಲಿ ಭಾಗಿಯಾದವರೇ ಹೇಳುವಾಗ ‘ನಿನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆ ಏಳುವುದಿಲ್ಲ, ‘ನೀನು ಏನನ್ನು ಬಿಟ್ಟೆ?’ ಎಂಬುದು ಏಳುತ್ತದೆ. ಬೆಳಗೆರೆಯವರಲ್ಲಿ ಸಮಸ್ಯೆ ಹೆಚ್ಚು ಹೇಳುವುದು, ಶ್ರೀಧರರಲ್ಲಿ ಜಾಣತನದಿಂದ ಕಡಿಮೆ ಹೇಳುವುದು. ಸಾಹಿತ್ಯವಾಗಿ ನೋಡಿದರೆ ಎರಡನೆಯದೇ ಗಟ್ಟಿ. ಅಲ್ಲಿ ಹಿಂಸೆ ಅಬ್ಬರಿಸುವುದಿಲ್ಲ. ಕಾಯುವುದು, ಅಂಜುವುದು, ಬೇಸರವಾಗುವುದು ಇವೇ ಹೆಚ್ಚು.

ನಿವೃತ್ತ ಪೊಲೀಸ್ ಅಧಿಕಾರಿಗಳ ನೆನಪುಗಳದ್ದು ಮೂರನೇ ಸಾಲು. ಟೈಗರ್ ಅಶೋಕ್ ಕುಮಾರ್ ಎಂದೇ ಹೆಸರಾದ ಬಿ.ಬಿ. ಅಶೋಕ್ ಕುಮಾರ್ ‘ಬುಲೆಟ್ ಸವಾರಿ’ ಬರೆದರು. ಡಿಜಿಪಿಯಾಗಿ ನಿವೃತ್ತರಾದ ಡಿ.ವಿ. ಗುರುಪ್ರಸಾದ್ ಪ್ರಕರಣಗಳ ಬಗ್ಗೆ ಹತ್ತಾರು ಪುಸ್ತಕಗಳನ್ನು ಸರಳ ಕನ್ನಡದಲ್ಲಿ ಕೊಟ್ಟರು. ಈಗ ಯೂಟ್ಯೂಬಿನಲ್ಲಿ ಎಸ್.ಕೆ. ಉಮೇಶ್, ಬಿ.ಕೆ. ಶಿವರಾಂ ಅವರಂಥ ಅಧಿಕಾರಿಗಳು ಗಂಟೆಗಟ್ಟಲೆ ಹಳೆಯ ಕೇಸುಗಳನ್ನು ಹೇಳುತ್ತಾರೆ, ಜನ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾರೆ. ತನಿಖೆಯ ಒಳವಿವರ ಇವರಷ್ಟು ಯಾರಿಗೂ ಗೊತ್ತಿಲ್ಲ. ಆದರೆ ಇವರ ಕಥೆಗಳಲ್ಲಿ ಪೊಲೀಸರು ಸೋಲುವುದು ಅಪರೂಪ. ನ್ಯಾಯಾಲಯದಲ್ಲಿ ಬಿದ್ದುಹೋದ ಕೇಸು, ಸುಮ್ಮನೆ ಒಳಗಿದ್ದು ಖುಲಾಸೆಯಾದ ಮನುಷ್ಯ, ಎನ್‌ಕೌಂಟರಿನ ಇನ್ನೊಂದು ಬದಿ, ಇವು ಬರುವುದು ಕಷ್ಟ.

ಶಿವರಾಸನ್ ಸತ್ತ ಕೋಣನಕುಂಟೆಯ ಪ್ರಕರಣವನ್ನೇ ನೋಡಿ. ಅಡಗುತಾಣ ಗೊತ್ತಾದ ಮೇಲೂ ಕಮಾಂಡೊಗಳು ತಕ್ಷಣ ನುಗ್ಗಲಿಲ್ಲ. ಸೈನೈಡ್ ನುಂಗುವವರನ್ನು ಜೀವಂತ ಹಿಡಿಯುವುದು ಹೇಗೆಂಬ ಚಿಂತೆಯಲ್ಲಿ ಕಾದರು. ಒಳಗೆ ನುಗ್ಗುವ ಹೊತ್ತಿಗೆ, ರಾಜೀವ್ ಗಾಂಧಿಯವರ ಹುಟ್ಟುಹಬ್ಬವಾದ ಆಗಸ್ಟ್ 20ರಂದು, ಏಳೂ ಮಂದಿ ಸತ್ತಿದ್ದರು. ತನಿಖಾ ತಂಡದ ಮುಖ್ಯಸ್ಥ ಡಿ.ಆರ್. ಕಾರ್ತಿಕೇಯನ್ ಸಹಲೇಖಕರಾಗಿ ಬರೆದ ಪುಸ್ತಕವಿದೆ, ತನಿಖಾಧಿಕಾರಿ ಕೆ. ರಘೋತ್ತಮನ್ ಅವರದ್ದಿದೆ, ಪತ್ರಕರ್ತ ಅನಿರುದ್ಧ್ಯ ಮಿತ್ರ ಅವರ ‘ನೈಂಟಿ ಡೇಸ್’ 2022ರಲ್ಲಿ ಬಂತು. ಎಲ್ಲವೂ ಇಂಗ್ಲಿಷ್ ಓದುಗರ ಕೈಗೆ ಸಿಗುತ್ತವೆ. ಕನ್ನಡಕ್ಕೆ ಇದನ್ನು ಗಂಭೀರವಾಗಿ ತಂದದ್ದು ಒಂದು ಸಿನಿಮಾ, 2006ರ ಎ.ಎಂ.ಆರ್. ರಮೇಶ್ ಅವರ ‘ಸೈನೈಡ್’. ಅದು ಆ ಮನೆಯೊಳಗಿನ ದಿನಗಳನ್ನು ಅಬ್ಬರವಿಲ್ಲದೆ ತೋರಿಸಿತು. ಇವತ್ತು ಕೋಣನಕುಂಟೆ ಕ್ರಾಸ್ ಎಂದರೆ ಮೆಟ್ರೊ ನಿಲ್ದಾಣ. ಇಳಿದು ಮಾಲ್‌ಗೆ ಹೋಗುವವರಿಗೆ 1991 ಗೊತ್ತಿರಬೇಕೆಂದೇನೂ ಇಲ್ಲ.

ಕಾನೂನು ಏನನ್ನುತ್ತದೆ? ಬರೆಯುವವರಿಗೆ ಅತ್ಯಂತ ಉಪಯೋಗದ ತೀರ್ಪು ಬಂದದ್ದು ತಮಿಳುನಾಡಿನ ಪತ್ರಿಕೆಯೊಂದರ ಕೇಸಿನಲ್ಲಿ. ‘ನಕ್ಕೀರನ್’ ಪತ್ರಿಕೆ ಆಟೊ ಶಂಕರ್ ಎಂಬ ಹಂತಕನ ಆತ್ಮಕಥೆ ಪ್ರಕಟಿಸಹೊರಟಾಗ ಜೈಲು ಅಧಿಕಾರಿಗಳು ತಡೆದರು. ಅಧಿಕಾರಿಗಳಿಗೂ ಅವನಿಗೂ ಇದ್ದ ನಂಟು ಅದರಲ್ಲಿ ಬರುತ್ತಿತ್ತು. 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನ್ಯಾಯಾಲಯದ ದಾಖಲೆ ಸೇರಿದಂತೆ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಬರೆಯಬಹುದು, ಅದರಾಚೆಗೆ ಒಬ್ಬರ ಖಾಸಗಿ ಬದುಕಿಗೆ ಕೈ ಹಾಕಿದರೆ ಹೊಣೆ ಬರೆದವರದ್ದು, ಲೈಂಗಿಕ ದೌರ್ಜನ್ಯಕ್ಕೊಳಗಾದ ಹೆಣ್ಣಿನ ಹೆಸರು ದಾಖಲೆಯಲ್ಲಿದ್ದರೂ ಬಯಲಿಗೆ ತರಬಾರದು. ಮಹಜರಿನ ಚಪ್ಪಲಿ ಬರೆಯಬಹುದು, ಹೆಂಡತಿಗೆ ಹೇಳಿದ ಮಾತನ್ನು ಕಟ್ಟಿದರೆ ನಿಮ್ಮ ಪಾಡು ನಿಮ್ಮದು ಎಂದ ಹಾಗೆ. ಮಾನನಷ್ಟ ನಮ್ಮಲ್ಲಿ ಇನ್ನೂ ಕ್ರಿಮಿನಲ್ ಅಪರಾಧವೇ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ, ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆಗೂ ಅವಕಾಶವಿದೆ. ಅಷ್ಟೇ ವ್ಯತ್ಯಾಸ. 2024ರಲ್ಲಿ ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಆರೋಪಪಟ್ಟಿಯ ಗೋಪ್ಯ ಮಾಹಿತಿ ಬಿತ್ತರಿಸದಂತೆ ಹೈಕೋರ್ಟ್ ಮಾಧ್ಯಮಗಳನ್ನು ತಡೆಯಬೇಕಾಯಿತು. ಟ್ಯಾಬ್ಲಾಯ್ಡ್ ಹೋದರೂ ಅದರ ಆತುರ ಹೋಗಿಲ್ಲ.

ಇದು ಕನ್ನಡದ್ದೊಂದೇ ಕಾಯಿಲೆಯೇನೂ ಅಲ್ಲ. ಅಮೆರಿಕದ ಟ್ರೂಮನ್ ಕಪೋಟಿ 1966ರ ‘ಇನ್ ಕೋಲ್ಡ್ ಬ್ಲಡ್’ನ ಪ್ರತಿ ಪದವೂ ನಿಜ ಎಂದರು, ಅದರ ಕೊನೆಯ ಸ್ಮಶಾನದ ದೃಶ್ಯ ಅವರೇ ಕಟ್ಟಿದ್ದು ಎಂದು ಆಮೇಲೆ ಬಯಲಾಯಿತು. ಸ್ವೀಡನ್ನಿನ ಸ್ಟೀಗ್ ಲಾರ್ಸನ್ ತಮ್ಮ ಪತ್ರಿಕೆಯಲ್ಲಿ ಬಲಪಂಥೀಯ ಉಗ್ರರ ಬಗ್ಗೆ ಒಣ ದಾಖಲೆಗಳನ್ನು ಬರೆದು, ರೋಚಕತೆಯನ್ನೆಲ್ಲ ಕಾದಂಬರಿಗೆ ಮೀಸಲಿಟ್ಟರು. ಬೇರ್ಪಡಿಸಿದರೆ ಎರಡೂ ಬದುಕುತ್ತವೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಮುಂಬೈನಲ್ಲಿ ಎಸ್. ಹುಸೇನ್ ಜೈದಿ ‘ಬ್ಲ್ಯಾಕ್ ಫ್ರೈಡೇ’ಯಿಂದ ಕಾದಂಬರಿಗಳವರೆಗೆ ಎರಡೂ ದಡ ಮುಟ್ಟಿದರು. ಅದೇ ಊರಿನಲ್ಲಿ ‘ಖಲ್ಲಾಸ್’, ‘ಜೀರೊ ಡಯಲ್’ ಬರೆದ ಜೆ. ಡೇ 2011ರ ಜೂನಿನಲ್ಲಿ ಗುಂಡಿಗೆ ಬಲಿಯಾದರು, ಆ ಕೇಸಿನಲ್ಲಿ ಆರೋಪಿಯಾದ ಪತ್ರಕರ್ತೆ ಜಿಗ್ನಾ ವೋರಾ 2018ರಲ್ಲಿ ಖುಲಾಸೆಯಾದರು.

ಕನ್ನಡದಲ್ಲಿ ಗುರುತು ಹಾಕುವ ಕೆಲಸವನ್ನು ಮಾಡಿದವರು ಒಬ್ಬ ವಿಜ್ಞಾನಿ ಎಂಬುದು ತಮಾಷೆ. ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’, ‘ಕರಿಸಿರಿಯಾನ’, ‘ಚಿತಾದಂತ’ದಂಥ ಇತಿಹಾಸದ ರೋಚಕ ಕಾದಂಬರಿಗಳ ಜೊತೆ ಆಧಾರಗಳನ್ನೂ ಕೊಡುತ್ತಾರೆ. ಕಥೆ ಓದಿ ಮುಗಿಸಿದವನು ಯಾವ ಶಾಸನ ನಿಜ, ಯಾವ ಪಾತ್ರ ಕಲ್ಪನೆ ಎಂದು ಹುಡುಕಿಕೊಳ್ಳಬಹುದು. ಪತ್ರಕರ್ತ ಜೋಗಿಯವರ ‘ಚಿಟ್ಟೆ ಹೆಜ್ಜೆ ಜಾಡು’, ಮೈಸೂರಿನ ಅನುಷ್ ಶೆಟ್ಟಿಯವರ ‘ಹುಲಿ ಪತ್ರಿಕೆ’ ಕಾದಂಬರಿಯಾಗಿಯೇ ಬಂದು ಕಾದಂಬರಿಯಾಗಿಯೇ ನಿಲ್ಲುತ್ತವೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಇವರೆಲ್ಲರಿಗೂ ದಾರಿ ಮಾಡಿಕೊಟ್ಟಿತು. ರೋಚಕತೆ ಕೀಳಲ್ಲ ಎಂದು ಒಪ್ಪಿಸಿದ್ದೇ ಅದು. ಇಂಗ್ಲಿಷಿನಲ್ಲಿ ಅನಿತಾ ನಾಯರ್ ಅವರ ಇನ್‌ಸ್ಪೆಕ್ಟರ್ ಬೋರೇಗೌಡ, ಹರಿಣಿ ನಾಗೇಂದ್ರರ 1921ರ ಬೆಂಗಳೂರಿನ ಪತ್ತೇದಾರಿ ಕಾವೇರಿ ಬಂದಿದ್ದಾರೆ. ಕಾದಂಬರಿಯ ಕಡೆ ಚಿಂತೆಯಿಲ್ಲ. ಬಡವಾಗಿರುವುದು ವರದಿಯ ಕಡೆ, ಅದರಲ್ಲೂ ಸತ್ತವರ ಕಡೆ. ನಮ್ಮ ಅಪರಾಧ ಬರಹದಲ್ಲಿ ಕೊಂದವನಿಗೆ ಬಾಲ್ಯವಿದೆ, ಪ್ರೇಮವಿದೆ, ಅಡ್ಡಹೆಸರಿದೆ; ಸತ್ತವರಿಗೆ ವಯಸ್ಸು ಮತ್ತು ಗಾಯಗಳ ಸಂಖ್ಯೆ ಮಾತ್ರ.

ಬನಶಂಕರಿ ಎರಡನೇ ಹಂತದ ಎರಡು ನೆರೆಮನೆಗಳನ್ನು ಮುರಿದ ‘ರಿಂಗ್ ರೋಡ್’ ಪ್ರಕರಣದಲ್ಲಿ ಇದು ಸ್ಪಷ್ಟ. 2003ರ ನವೆಂಬರ್ ಕೊನೆಗೆ ನಿಶ್ಚಿತಾರ್ಥ, ಡಿಸೆಂಬರ್ 3ರ ರಾತ್ರಿ ವಿಮಾನ ಇಳಿಯುವುದನ್ನು ನೋಡಲು ನಿಂತ ಸಾಫ್ಟ್‌ವೇರ್ ಎಂಜಿನಿಯರ್ ವರನ ತಲೆಗೆ ಕಬ್ಬಿಣದ ಪೆಟ್ಟು. ಮದುವೆಯಾಗಬೇಕಿದ್ದ ಹುಡುಗಿ, ಅವಳ ಗೆಳೆಯ ಸೇರಿ ನಾಲ್ವರಿಗೆ 2010ರಲ್ಲಿ ಜೀವಾವಧಿ ಶಿಕ್ಷೆ. ಪತ್ರಿಕೆಗಳು, ಟಿವಿಗಳು ಹುಡುಗಿಯ ಸುತ್ತಲೇ ಗಿರಕಿ ಹೊಡೆದುವು, 2015ರಲ್ಲಿ ಬಂದ ಸಿನಿಮಾವೂ ಅದನ್ನೇ ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿದು, ಇಷ್ಟವಿಲ್ಲದ ಮದುವೆಗೆ ದೂಡಿದ ಮನೆಯ ಒತ್ತಡವನ್ನೂ ಗಮನಿಸಿ, ರಾಜ್ಯಪಾಲರಲ್ಲಿ ಕ್ಷಮಾದಾನ ಕೋರಲು ಎಂಟು ವಾರ ಕೊಟ್ಟಿತು. ಫೋನ್ ಕರೆಗಳ ಪಟ್ಟಿ ಹೇಗೆ ಕೇಸನ್ನು ಕಟ್ಟಿತು, ಎರಡು ಮನೆಯವರು ಸಾಕ್ಷಿಕಟ್ಟೆಯಲ್ಲಿ ಏನು ಹೇಳಿದರು, ಯಾವ ಸಾಕ್ಷಿಯನ್ನು ಯಾವ ನ್ಯಾಯಾಲಯ ನಂಬಿತು, ಎಲ್ಲವೂ ಕಡತದಲ್ಲಿದೆ. ಮೇಲಿನ ತೀರ್ಪುಗಳನ್ನು ಯಾರು ಬೇಕಾದರೂ ಓದಬಹುದು. ಕೆಳಗಿನ ನ್ಯಾಯಾಲಯದ ಹೇಳಿಕೆಗಳು ಬೇಕೆಂದರೆ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿನ ನಕಲು ಶಾಖೆಗೆ ಹೋಗಿ ಕಾರಣ ತೋರಿಸಿ ಅರ್ಜಿ ಹಾಕಬೇಕು, ಪುಟದ ಲೆಕ್ಕದಲ್ಲಿ ಹಣ ಕಟ್ಟಬೇಕು, ವಾರಗಟ್ಟಲೆ ಓಡಾಡಬೇಕು. ಆಮೇಲೆ ಆ ವರನ ಮನೆಯವರ ಬಾಗಿಲಿಗೆ ಹೋಗಿ ಮಾತಾಡುತ್ತೀರಾ ಎಂದು ಕೇಳಬೇಕು. ಅವರು ಬೇಡವೆಂದರೆ ಅವರ ಮಾತುಗಳನ್ನು ತಾನು ಕಟ್ಟದೆ ಪುಸ್ತಕ ಬರೆಯಬೇಕು.